ಖಾಲಿ ತೋಟಾ, ಬಿಸಿನೀರು

ಪಿಸ್ತೂಲಿನ ಚರಿತ್ರೆ ಬರೆಯುವವರೆಲ್ಲ ಗುಂಡಿನ ಹಿಂದೆಯೇ ಓಡುತ್ತಾರೆ. ಯಾರು ಹೊಡೆದರು, ಎಷ್ಟು ದೂರ ಹೋಯಿತು, ಯಾವ ಯುದ್ಧದಲ್ಲಿ ಯಾರು ಗೆದ್ದರು ಎಂಬುದೇ ಅವರ ಕಥೆ. ನನ್ನ ಕುತೂಹಲ ಹಿಂದೆ ಉಳಿದದ್ದರ ಮೇಲೆ. ಗುಂಡು ಹೋದ ಮೇಲೆ ಹೊಡೆದವನ ಹತ್ತಿರ ಉಳಿಯುವುದು ಎರಡು: ಕಾಲಬುಡದಲ್ಲಿ ಬಿದ್ದ ಖಾಲಿ ಹಿತ್ತಾಳೆ ತೋಟಾ, ನಳಿಗೆಯೊಳಗೆ ಅಂಟಿದ ಮಸಿ. ಮೊದಲನೆಯದನ್ನು ಮತ್ತೆ ತುಂಬಬೇಕು, ಎರಡನೆಯದನ್ನು ತೊಳೆಯಬೇಕು. ಗುರಿಸ್ಪರ್ಧೆಯ ಪಿಸ್ತೂಲುಗಾರರ ಸಂಸಾರ ನೂರೈವತ್ತು ವರ್ಷಗಳಿಂದ ಈ ಎರಡು ಕೆಲಸಗಳಲ್ಲೇ ಸಾಗಿ ಬಂದಿದೆ. ಟ್ರಿಗರ್ ಎಳೆಯುವ ಹೊತ್ತು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ನಾನು ಕೊಪ್ಪದ ಕಡೆಯವನು. ಬೆಂಗಳೂರಿನ ಎಚ್‌ಎಂಟಿಯ ಟೂಲ್ ರೂಮಿನಲ್ಲಿ ಕೆಲಸ ಕಲಿತೆ. ಆಮೇಲೆ ಅಮೆರಿಕದ ಒಹಾಯೊಗೆ ಬಂದು, ಟೊಲೀಡೊ ಊರಿನ ಹತ್ತಿರ ಡೈ ಮಾಡುವ ಶಾಪೊಂದರಲ್ಲಿ ದುಡಿದು ನಿವೃತ್ತನಾದೆ. ಟೊಲೀಡೊದಿಂದ ಈರಿ ಸರೋವರದ ದಂಡೆ ಹಿಡಿದು ಪೂರ್ವಕ್ಕೆ ಹೋದರೆ ಪೋರ್ಟ್ ಕ್ಲಿಂಟನ್, ಅದರ ಮಗ್ಗುಲಲ್ಲೇ ಕ್ಯಾಂಪ್ ಪೆರಿ. ಅಮೆರಿಕದ ರಾಷ್ಟ್ರೀಯ ಗುರಿಸ್ಪರ್ಧೆಗಳು 1903ರಲ್ಲಿ ನ್ಯೂಜೆರ್ಸಿಯ ಸೀ ಗರ್ಟ್‌ನಲ್ಲಿ ಶುರುವಾಗಿ, 1907ರಲ್ಲಿ ಇಲ್ಲಿಗೆ ಬಂದು ನೆಲೆಯೂರಿದವು. ಜಾಗಕ್ಕೆ 1813ರಲ್ಲಿ ಇದೇ ಸರೋವರದ ಮೇಲೆ ಬ್ರಿಟಿಷರ ಹಡಗುಗಳನ್ನು ಸೋಲಿಸಿದ ಆಲಿವರ್ ಹಜಾರ್ಡ್ ಪೆರಿಯ ಹೆಸರು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್, ಇಟಾಲಿಯನ್ ಸೈನಿಕರನ್ನು ಇಲ್ಲೇ ಇಟ್ಟಿದ್ದರು. ಗುರಿಹಲಗೆಗಳ ಬೆನ್ನಿಗೆ ಸರೋವರ. ಜುಲೈ ತಿಂಗಳಲ್ಲಿ ನೀರಿನ ಮೇಲಿಂದ ಬೀಸುವ ಗಾಳಿಗೆ, ಒಂದೇ ಕೈ ಚಾಚಿ ಪಿಸ್ತೂಲು ಹಿಡಿದವನ ತೋಳು ಅಲ್ಲಾಡದೆ ಇರುವುದಿಲ್ಲ.

ಇಲ್ಲಿಯ ಪಿಸ್ತೂಲು ಸ್ಪರ್ಧೆಗೆ ಒಲಿಂಪಿಕ್ಸಿನ ನಂಟು ಕಡಿಮೆ. ಒಟ್ಟು 270 ಗುಂಡು, ಪೂರ್ಣಾಂಕ 2700. ಮೊದಲು .22 ಕ್ಯಾಲಿಬರಿನ ಪಿಸ್ತೂಲು, ಆಮೇಲೆ .32ಕ್ಕೆ ಕಡಿಮೆಯಿಲ್ಲದ ಯಾವುದಾದರೂ ಸೆಂಟರ್‌ಫೈರ್ (ತೋಟಾದ ಬುಡದ ನಡುವೆ ಸಿಡಿಮದ್ದು ಇರುವ ಜಾತಿ), ಕೊನೆಗೆ .45, ಒಂದೊಂದಕ್ಕೂ 900 ಅಂಕ. ಐವತ್ತು ಗಜ ದೂರಕ್ಕೆ ನಿಧಾನವಾಗಿ ಹೊಡೆಯುವ ಸುತ್ತು ಒಂದು. ಇಪ್ಪತ್ತೈದು ಗಜಕ್ಕೆ ಇಪ್ಪತ್ತು ಸೆಕೆಂಡಿನಲ್ಲಿ ಐದು, ಹತ್ತು ಸೆಕೆಂಡಿನಲ್ಲಿ ಐದು ಹೊಡೆಯುವ ಸುತ್ತುಗಳು ಬೇರೆ. ಐವತ್ತು ಗಜದ ಹಲಗೆಯಲ್ಲಿ ಹತ್ತಂಕದ ವೃತ್ತ ಮೂರೂವರೆ ಇಂಚಿಗಿಂತಲೂ ಕಿರಿದು. ಹರ್ಷೆಲ್ ಆಂಡರ್ಸನ್ ಎಂಬ ಸೈನಿಕ 1974ರಲ್ಲಿ 2680 ಹೊಡೆದದ್ದನ್ನು ಇಲ್ಲಿಯ ಹಳಬರು ಇವತ್ತಿಗೂ ಧ್ವನಿ ತಗ್ಗಿಸಿ ಹೇಳುತ್ತಾರೆ. .22ರ ತೋಟಾವನ್ನು ಮತ್ತೆ ತುಂಬಲು ಬರುವುದಿಲ್ಲ, ಅದರ ಸಿಡಿಮದ್ದು ಅಂಚಿನ ಮಡಿಕೆಯೊಳಗೇ ಇರುತ್ತದೆ. ಉಳಿದೆರಡು ಪಿಸ್ತೂಲುಗಳ ತೋಟಾಗಳನ್ನು ಮಾತ್ರ ಬಹುಪಾಲು ಜನ ಮನೆಯಲ್ಲೇ ತುಂಬಿ ತರುತ್ತಾರೆ. ಅದಕ್ಕೇ ಪ್ರತಿ ಸುತ್ತು ಮುಗಿದು ಅಪ್ಪಣೆಯಾದ ಕೂಡಲೇ ಅರವತ್ತು ದಾಟಿದ ಗಂಡಸರೆಲ್ಲ ಸೊಂಟ ಹಿಡಿದುಕೊಂಡು ಬಗ್ಗಿ ಹಿತ್ತಾಳೆ ಆರಿಸತೊಡಗುವುದು.

ಮೊದಲು ಮಸಿಯ ಕಥೆ ಹೇಳಿಬಿಡುತ್ತೇನೆ. ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸಿದ್ದೇ ಅದು.

ನಮ್ಮ ಅಜ್ಜಯ್ಯನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಬಾಯಿಂದ ಮದ್ದು ಸುರಿದು, ಕತ್ತ ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಹಿಂದಿನ ಮೊಲೆಗೆ ಕೇಪು ಸಿಕ್ಕಿಸುವ ಜಾತಿಯದು. ಒಂದು ಈಡು ಹೊಡೆದರೂ ಸಾಕು, ಅವತ್ತು ರಾತ್ರಿಯೇ ಬಚ್ಚಲ ಹಂಡೆಯಿಂದ ಕುದಿನೀರು ತಂದು ನಳಿಗೆಗೆ ಹುಯ್ಯುತ್ತಿದ್ದರು. ಕಪ್ಪು ನೀರು ಹೋಗಿ ತಿಳಿನೀರು ಬರುವವರೆಗೆ ಹುಯ್ದು, ಬಿಸಿ ಆರುವ ಮುಂಚೆ ಗಜಕ್ಕೆ ಚಿಂದಿ ಸುತ್ತಿ ಒರೆಸಿ, ಆಮೇಲೆ ಕೊಬ್ಬರಿ ಎಣ್ಣೆ. ಮದ್ದಿನಲ್ಲಿ ಇರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಪೊಟ್ಯಾಸಿಯಂನ ಲವಣಗಳಾಗಿ ಉಳಿದುಬಿಡುತ್ತದೆ. ಆ ಲವಣ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಜೂನ್ ತಿಂಗಳಲ್ಲಿ ಬೆಳಗಾಗುವಷ್ಟರಲ್ಲಿ ನಳಿಗೆ ಕೆಂಪಾಗಿರುತ್ತಿತ್ತು.

ಕಪ್ಪು ಮದ್ದಿನ ಕಾಲದಲ್ಲಿ ಅಮೆರಿಕದವರೂ ಇದನ್ನೇ ಮಾಡುತ್ತಿದ್ದರು. ತೋಟಾ ತುಂಬುವವರಿಗೆ ಇನ್ನೂ ಒಂದು ತೊಳೆಯುವ ಕೆಲಸ: ಖಾಲಿ ಹಿತ್ತಾಳೆಯನ್ನು ಅದೇ ದಿನ ಸೋಪಿನ ನೀರಿಗೆ ಹಾಕದಿದ್ದರೆ ಮಸಿ ಲೋಹವನ್ನು ತಿನ್ನುತ್ತಿತ್ತು. ಆಮೇಲೆ 1880-90ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು. ನಳಿಗೆಯಲ್ಲಿ ಉಳಿಯುವ ಮಸಿ ತೀರಾ ಕಡಿಮೆ. ನೀರು ಯಾಕೆ ಬೇಕು, ಎಣ್ಣೆಯೇ ಸಾಕು ಎಂದುಕೊಂಡರು. 1903ರಲ್ಲಿ ಫ್ರಾಂಕ್ ಹೊಪ್ಪಿ ತನ್ನ ಹೆಸರಿನ 9ನೇ ನಂಬರಿನ ದ್ರಾವಣ ಮಾರತೊಡಗಿದ. ಇವತ್ತಿಗೂ ಯಾವ ಪಿಸ್ತೂಲುಗಾರನ ಗ್ಯಾರೇಜಿಗೆ ಕಾಲಿಟ್ಟರೂ ಮೂಗಿಗೆ ಬಡಿಯುವುದು ಅದರ ವಾಸನೆ. ಆದರೆ ಒರೆಸಿ ಎಣ್ಣೆ ಹಚ್ಚಿಟ್ಟ ನಳಿಗೆ ಎರಡು ದಿನ ಬಿಟ್ಟು ನೋಡಿದರೆ ತುಕ್ಕು! ಮತ್ತೆ ಒರೆಸಿದರೆ ಮತ್ತೆ ತುಕ್ಕು. ಇಪ್ಪತ್ತು ಮೂವತ್ತು ವರ್ಷ ಇದಕ್ಕೆ ಏನೇನೋ ವಿವರಣೆ ಕೊಟ್ಟರು. ಮದ್ದಿನ ಆಮ್ಲ ಎಂದರು. ಉಕ್ಕಿನ ರಂಧ್ರಗಳೊಳಗೆ ಅನಿಲ ಹೊಕ್ಕು ಆಮೇಲೆ ಬೆವರಾಗಿ ಹೊರಬರುತ್ತದೆ ಎಂದೂ ಗಂಭೀರವಾಗಿ ನಂಬಿದ್ದರು.

ಉತ್ತರ ಸಿಕ್ಕಿದ್ದು 1922ರಲ್ಲಿ, ಅಮೆರಿಕದ ಗಣಿ ಇಲಾಖೆಯ ರಸಾಯನತಜ್ಞ ವಿಲ್ಬರ್ಟ್ ಹಫ್ ಎಂಬವರಿಂದ. ದೋಷ ಮದ್ದಿನದಲ್ಲ, ಪ್ರೈಮರಿನದು. ತೋಟಾದ ಬುಡದಲ್ಲಿರುವ ಆ ಪುಟ್ಟ ಕೇಪಿನೊಳಗೆ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಂದರೆ ಅಡುಗೆ ಉಪ್ಪಿನ ದಾಯಾದಿಯಾಗಿ, ನಳಿಗೆಯ ಗೋಡೆಗೆ ಅಂಟುತ್ತದೆ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಕಪ್ಪು ಮದ್ದಿನ ಕಾಲದಲ್ಲೂ ಈ ಉಪ್ಪು ಇತ್ತು. ರಾಶಿ ಮಸಿಯ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಹೇಗೂ ಎಲ್ಲರೂ ಕುದಿನೀರಲ್ಲಿ ತೊಳೆಯುತ್ತಿದ್ದರು. ಮದ್ದು ಸುಧಾರಿಸಿದಾಗ ಜನ ನೀರು ಬಿಟ್ಟರು, ಉಪ್ಪು ಮಾತ್ರ ಉಳಿಯಿತು.

ಇದನ್ನು ಓದಿದ ದಿನ ಊರಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದೆ. ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಅದಕ್ಕೆ ಅಷ್ಟು ದೊಡ್ಡ ಇಲಾಖೆ ಬೇಕಿತ್ತನಾ ಮಾರಾಯ? ಅಜ್ಜಯ್ಯನ್ನ ಕೇಳಿದ್ರೆ ಹೇಳ್ತಿರ್ಲಿಲ್ವ?" ಎಂದ. ಅಜ್ಜಯ್ಯ ಕಾರಣ ಹೇಳುತ್ತಿರಲಿಲ್ಲ, ಹಂಡೆ ತೋರಿಸುತ್ತಿದ್ದರು ಅಷ್ಟೆ; ಅಣ್ಣನ ಹತ್ತಿರ ಅದನ್ನು ವಾದಿಸಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಕಾರಣ ಗೊತ್ತಾದದ್ದರಿಂದಲೇ ಪರಿಹಾರವೂ ಸಿಕ್ಕಿತು. ಕ್ಲೋರೇಟ್ ಇಲ್ಲದ ಪ್ರೈಮರುಗಳನ್ನು 1920ರ ದಶಕದ ಕೊನೆಯಲ್ಲಿ ಜರ್ಮನ್ನರೂ ರೆಮಿಂಗ್ಟನ್ ಕಂಪನಿಯೂ ಮಾರುಕಟ್ಟೆಗೆ ತಂದವು. ಅಮೆರಿಕದ ಸೈನ್ಯ ಮಾತ್ರ ಕ್ಲೋರೇಟ್ ಗೋದಾಮಿನಲ್ಲಿ ಹೆಚ್ಚು ಕಾಲ ಕೆಡದೆ ಇರುತ್ತದೆಂದು ತನ್ನ ಮುಖ್ಯ ತೋಟಾಗಳಲ್ಲಿ 1950ರ ದಶಕದ ಆರಂಭದವರೆಗೂ ಅದನ್ನೇ ಹಿಡಿದುಕೊಂಡಿತು.

ಪೆಟ್ಲುಪ್ಪಿನ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಉತ್ತರದವರ ಸರ್ಕಾರ ಲ್ಯಾಮಟ್ ಡ್ಯುಪಾಂಟ್ ಎಂಬ ಮದ್ದಿನ ಕಾರ್ಖಾನೆಯ ಮನೆತನದವನನ್ನು ಗುಟ್ಟಾಗಿ ಇಂಗ್ಲೆಂಡಿಗೆ ಕಳಿಸಿ, ಸಿಕ್ಕಷ್ಟೂ ಪೆಟ್ಲುಪ್ಪು ಕೊಂಡುಕೊಳ್ಳುವಂತೆ ಹೇಳಿತು. ಅಲ್ಲಿ ಇದ್ದದ್ದು ಭಾರತದಿಂದ ಹೋದ ಮಾಲು, ಬಹುಪಾಲು ಬಿಹಾರದ ಮಣ್ಣಿನಿಂದ ತೆಗೆದದ್ದು. ಅಮೆರಿಕದ ಕಪ್ಪು ಮದ್ದಿನ ಕೋವಿಗಳಲ್ಲಿ ತುಕ್ಕು ಹಿಡಿಸಿದ ಉಪ್ಪಿಗೂ ನಮಗೂ ಅಷ್ಟು ಸಂಬಂಧ ಇದೆ.

ಇನ್ನು ಖಾಲಿ ತೋಟಾ. ಅದನ್ನು ಮನೆಯಲ್ಲಿ ಮತ್ತೆ ತುಂಬಲು ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಒಂದು ತೂತು. 1866ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಪ್ರೈಮರಿನ ಪೇಟೆಂಟ್ ಪಡೆದರು. ಒಬ್ಬ ಅಂತರ್ಯುದ್ಧದಲ್ಲಿ ಗುರಿಗಾರರ ಪಡೆ ಕಟ್ಟಿದ್ದ ಅಮೆರಿಕದ ಕರ್ನಲ್ ಹೈರಮ್ ಬರ್ಡನ್. ಇನ್ನೊಬ್ಬ ಲಂಡನ್ನಿನ ವುಲಿಚ್‌ನಲ್ಲಿ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಬಾಕ್ಸರ್. ಪ್ರೈಮರ್ ಸಿಡಿಯಬೇಕಾದರೆ ಅದರೊಳಗಿನ ಮಿಶ್ರಣ ಯಾವುದಾದರೂ ಗಟ್ಟಿ ಮೊನೆಗೆ ಜಜ್ಜಬೇಕು. ಬರ್ಡನ್ ಆ ಮೊನೆಯನ್ನು ತೋಟಾದ ಬುಡದಲ್ಲೇ ಮಾಡಿದ. ಕಿಡಿ ಹೋಗಲು ಅದರ ಅಕ್ಕಪಕ್ಕ ಎರಡು ಸಣ್ಣ ತೂತು. ಬಾಕ್ಸರ್ ಮೊನೆಯನ್ನು ಪ್ರೈಮರಿನ ಒಳಗೇ ಕೂರಿಸಿದ. ತೋಟಾಕ್ಕೆ ನಟ್ಟನಡುವೆ ಒಂದೇ ತೂತು. ಆ ಒಂದು ತೂತಿಗೆ ಮೇಲಿಂದ ಒಂದು ಕಡ್ಡಿ ಇಳಿಸಿ ತಳ್ಳಿದರೆ ಹಳೆಯ ಪ್ರೈಮರ್ ಟಕ್ಕನೆ ಉದುರುತ್ತದೆ. ಬರ್ಡನ್ನಿನದನ್ನು ಹೊರಗಿನಿಂದ ಮೀಟಿ ಕೀಳಬೇಕು, ಇಲ್ಲವೇ ನೀರು ತುಂಬಿ ಒತ್ತಡ ಕೊಟ್ಟು ಹಾರಿಸಬೇಕು.

ಆಮೇಲೆ ಆದದ್ದು ವಿಚಿತ್ರ. ಅಮೆರಿಕದವನ ಪ್ರೈಮರನ್ನು ಯೂರೋಪ್ ತೆಗೆದುಕೊಂಡಿತು, ಇಂಗ್ಲೆಂಡಿನವನ ಪ್ರೈಮರನ್ನು ಅಮೆರಿಕ ತನ್ನದಾಗಿಸಿಕೊಂಡಿತು. ಯೂರೋಪಿನ ಸೈನ್ಯಗಳಿಗೆ ಖಾಲಿ ತೋಟಾ ಕಟ್ಟಿಕೊಂಡು ಏನೂ ಆಗಬೇಕಿರಲಿಲ್ಲ. ಅಮೆರಿಕದಲ್ಲಿ ಅಂಗಡಿಯೇ ನೂರು ಮೈಲಿ ದೂರ. ಕಾಡೆಮ್ಮೆ ಬೇಟೆಯವರು ಬಿಡಾರದ ಬೆಂಕಿಯಲ್ಲಿ ಸೀಸ ಕಾಯಿಸಿ ಗುಂಡು ಎರೆದು ತೋಟಾ ತುಂಬುತ್ತಿದ್ದರು. 1880ರ ದಶಕದಲ್ಲಿ ಅಲ್ಲಿಯ ಸೈನ್ಯವೂ ಅಭ್ಯಾಸದ ಖರ್ಚು ಉಳಿಸಲು ದೂರದ ಠಾಣೆಗಳಿಗೆ ತುಂಬುವ ಸಲಕರಣೆ ಕೊಟ್ಟಿತು. ಆ ಒಂದು ತೂತು ಇಲ್ಲದಿದ್ದರೆ ಕ್ಯಾಂಪ್ ಪೆರಿಯ ಮುದುಕರು ಸೊಂಟ ಬಗ್ಗಿಸುವ ಕಾರಣವೇ ಇರುತ್ತಿರಲಿಲ್ಲ ಎಂದು ನಾನು ಹೇಳುವುದುಂಟು.

ಮನೆಮನೆಗೆ ಈ ಕೆಲಸವನ್ನು ಮುಟ್ಟಿಸಿದವನು ಕನೆಕ್ಟಿಕಟ್‌ನ ನ್ಯೂ ಹೇವನ್ನಿನ ಜಾನ್ ಬಾರ್ಲೊ. 1884ರಲ್ಲಿ ಶುರುವಾದ ಅವನ ಐಡಿಯಲ್ ಕಂಪನಿಯ ಕೈಸಲಕರಣೆ ನೋಡಲು ನಮ್ಮ ಅಡಕತ್ತರಿಯ ಹಾಗೆ. ಎರಡು ಹಿಡಿ, ನಡುವೆ ಕೀಲು. ಅದರಲ್ಲೇ ಪ್ರೈಮರ್ ಕೀಳುವುದು, ಕೂರಿಸುವುದು, ಗುಂಡು ಒತ್ತುವುದು. ಕೆಲವದರ ತುದಿಗೆ ಗುಂಡಿನ ಅಚ್ಚೂ ಇರುತ್ತಿತ್ತು. ಜೊತೆಗೆ ಐಡಿಯಲ್ ಹ್ಯಾಂಡ್‌ಬುಕ್ ಎಂಬ ಅಗ್ಗದ ಪುಸ್ತಕ. ಕಂಪನಿ ಕೈಬದಲಾಗುತ್ತ 1925ರಲ್ಲಿ ಲೈಮನ್ ಪಾಲಾಯಿತು. ನನ್ನ ಶಾಪಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ಅವರೇ ನನ್ನನ್ನು ಮೊದಲು ರೇಂಜಿಗೆ ಕರೆದುಕೊಂಡು ಹೋದವರು. ಅವರಪ್ಪನ ಕಾಲದ ಅಂಥದೊಂದು ಸಲಕರಣೆ ಅವರ ಬೆಂಚಿನ ಮೇಲಿತ್ತು. ಹಿಡಿದು ನೋಡಿದೆ. ಮಾಡಿದವನಿಗೆ ಕೈಗೆಲಸ ಗೊತ್ತಿತ್ತು, ಆದರೆ ಒಂದು ಸಂಜೆ ಕೂತರೆ ಅಂಗೈ ಬೊಬ್ಬೆ ಏಳುವುದು ಖಂಡಿತ.

    

ಪಿಸ್ತೂಲುಗಾರರ ಪಾಲಿಗೆ ನಿಜವಾದ ತಿರುವು ಬಂದದ್ದು 1898ರಲ್ಲಿ. ಲ್ಯಾಫ್ಲಿನ್ ಅಂಡ್ ರ‍್ಯಾಂಡ್ ಕಂಪನಿ ಬುಲ್ಸ್‌ಐ ಎಂಬ ಹೊಗೆಯಿಲ್ಲದ ಮದ್ದು ತಂದಿತು. ಕಂಪನಿ ಡ್ಯುಪಾಂಟ್‌ಗೆ ಸೇರಿ, ಡ್ಯುಪಾಂಟ್ ಏಕಸ್ವಾಮ್ಯ ಮಾಡುತ್ತಿದೆಯೆಂದು ನ್ಯಾಯಾಲಯ ಅದನ್ನು ಒಡೆದಾಗ ಮದ್ದು ಹರ್ಕ್ಯುಲಿಸ್ ಎಂಬ ಹೊಸ ಕಂಪನಿಗೆ ಹೋಗಿ, 1990ರ ದಶಕದಲ್ಲಿ ಅಲಯಂಟ್ ಎಂಬ ಕಂಪನಿಯ ಪಾಲಾಯಿತು. ಇಷ್ಟು ಮನೆ ಬದಲಾಯಿಸಿದರೂ ಹೆಸರು ಬದಲಾಗಲಿಲ್ಲ. ಇಂದಿಗೂ ಅಂಗಡಿಯಲ್ಲಿ ಸಿಗುವ ಹಳೆಯ ಪಿಸ್ತೂಲು ಮದ್ದು ಅದೇ, ನಾನೂ ಬಳಸುವುದು ಅದನ್ನೇ. ಮದ್ದಿನ ಕೆಲಸಕ್ಕೆ ಬೇರೆ ಮುಖವೂ ಉಂಟು. 1940ರ ಸೆಪ್ಟೆಂಬರ್ 12ರಂದು ನ್ಯೂಜೆರ್ಸಿಯ ಕೆನ್ವಿಲ್‌ನಲ್ಲಿದ್ದ ಹರ್ಕ್ಯುಲಿಸ್ ಕಾರ್ಖಾನೆ ಸ್ಫೋಟಗೊಂಡು 51 ಮಂದಿ ಸತ್ತರು.

ಬುಲ್ಸ್‌ಐ ತುಸುವೇ ಸಾಕು, ಬೇಗ ಉರಿಯುತ್ತದೆ, ಗುಂಡಿನಿಂದ ಗುಂಡಿಗೆ ವೇಗ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಗುರಿಗಾರನಿಗೆ ಬೇಕಾದದ್ದು ಅದೇ. ಆದರೆ ಅದರ ಜೊತೆಗೇ ಈ ಕಸುಬಿಗೆ ಭಯವೂ ಬಂತು. ಕಪ್ಪು ಮದ್ದಿನ ತೋಟಾ ತುಂಬಿದರೆ ಬಾಯಿಯವರೆಗೂ ತುಂಬುತ್ತದೆ. ಎರಡು ಸಲ ಹಾಕಲು ಹೋದರೆ ಚೆಲ್ಲುತ್ತದೆ, ಒಮ್ಮೆ ಹಾಕಿದ್ದು ಮರೆತರೂ ಅಪಾಯ ಇಲ್ಲ. ಬುಲ್ಸ್‌ಐ ತೋಟಾದ ತಳದಲ್ಲಿ ಸ್ವಲ್ಪ ಕೂತಿರುತ್ತದೆ. ಎರಡು ಸಲ ಬಿದ್ದರೂ ಹಿಡಿಯುತ್ತದೆ, ಮೇಲೆ ಗುಂಡು ಕೂರಿಸಿದ ಮೇಲೆ ಹೊರಗಿನಿಂದ ಗುರುತೇ ಸಿಗುವುದಿಲ್ಲ. ಅದು ಹಾರಿದಾಗ ಪಿಸ್ತೂಲು ಒಡೆಯುತ್ತದೆ. ಮದ್ದೇ ಬೀಳದಿದ್ದರೆ ಇನ್ನೊಂದು ತೊಂದರೆ: ಪ್ರೈಮರಿನ ಬಲಕ್ಕೆ ಗುಂಡು ಅರ್ಧ ನಳಿಗೆಗೆ ಹೋಗಿ ಕೂರುತ್ತದೆ. ಅವಸರದವನು ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆಗೆ ಉಬ್ಬಿದ ಉಂಗುರ. ತೋಟಾ ತುಂಬುವಾಗ ರೇಡಿಯೊ ಕೂಡ ಹಾಕಬಾರದು ಎನ್ನುವ ಹಳಬರ ನಿಯಮ ಬಂದದ್ದು ಇಲ್ಲಿಂದ. ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿದ ಪ್ರತಿಯೊಂದು ತೋಟಾದ ಬಾಯಿಗೂ ದೀಪ ಹಿಡಿದು ಇಣುಕಿದ ಮೇಲೆಯೇ ಗುಂಡು ಕೂರಿಸಬೇಕು.

ಇಷ್ಟು ತಾಪತ್ರಯ ಯಾಕೆ, ಅಂಗಡಿಯಲ್ಲಿ ಕೊಳ್ಳಬಾರದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ದುಡ್ಡಿನದು ಒಂದು ಕಾರಣ. ದೊಡ್ಡ ಕಾರಣ ಪಿಸ್ತೂಲಿನಲ್ಲೇ ಇದೆ.

ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ .45ನ್ನು ಅಮೆರಿಕದ ಸೈನ್ಯ 1911ರ ಮಾರ್ಚ್ 29ರಂದು ಒಪ್ಪಿಕೊಂಡಿತು. 230 ಗ್ರೇನ್ ತೂಕದ ಗುಂಡು, ಐದು ಇಂಚಿನ ನಳಿಗೆ. ಅದು ಕೆಸರಿನಲ್ಲಿ ಬಿದ್ದೆದ್ದರೂ ಹಾರಬೇಕಾದ ಯಂತ್ರ. ಆದ್ದರಿಂದ ಪ್ರತಿ ಹೊಡೆತಕ್ಕೂ ಹಿಂದೆಮುಂದೆ ಜಾರುವ ಮೇಲ್ಭಾಗ, ಅಂದರೆ ಸ್ಲೈಡ್, ಫ್ರೇಮಿನ ಮೇಲೆ ಸಡಿಲ, ನಳಿಗೆ ಬುಶ್‌ನೊಳಗೆ ಸಡಿಲ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲಟಲಟ ಸದ್ದು. ಯುದ್ಧಕ್ಕೆ ಅದು ಸರಿ. ಐವತ್ತು ಗಜದ ಹತ್ತಂಕಕ್ಕೆ ಸಾಲದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥ ಪಿಸ್ತೂಲುಗಳೂ ತೋಟಾಗಳೂ ಸಾಮಾನ್ಯರ ಕೈಗೆ ಅಗ್ಗಕ್ಕೆ ಬಂದವು. ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಕ್ರೈಸ್ಲರ್ ಕಾರು ಕಂಪನಿ ನಡೆಸಿದ ಕಾರ್ಖಾನೆಯೊಂದೇ ಯುದ್ಧಕಾಲದಲ್ಲಿ ಮುನ್ನೂರು ಕೋಟಿಗೂ ಹೆಚ್ಚು .45 ತೋಟಾ ಮಾಡಿತ್ತು. ತಾಮ್ರದ ಅಭಾವದಿಂದ ಅವುಗಳಲ್ಲಿ ಹೆಚ್ಚಿನವುಗಳ ಮೈ ಉಕ್ಕಿನದು. ಪ್ರೈಮರು ಮತ್ತದೇ ಉಪ್ಪಿನದು. ಹೊಡೆದ ರಾತ್ರಿ ಬಿಸಿನೀರು ಕಾಯಿಸಬೇಕಿತ್ತು.

1950ರ ದಶಕದಲ್ಲಿ ಸೈನ್ಯದ ಆಯುಧ ರಿಪೇರಿಯವರೂ ಖಾಸಗಿ ಗನ್‌ಸ್ಮಿತ್‌ಗಳೂ ಈ ಲಟಲಟವನ್ನು ತೆಗೆಯುವ ಕೆಲಸಕ್ಕೆ ಕೂತರು. 1956ರಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ಸೈನ್ಯದ ಗುರಿಗಾರರ ಘಟಕವೇ ಹುಟ್ಟಿತು. ಇದು ನನ್ನ ಸ್ವಂತ ಕಸುಬಿಗೆ ಹತ್ತಿರವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಮೊದಲು ಫ್ರೇಮಿನ ಹಳಿಗಳನ್ನು ಸಣ್ಣ ಸುತ್ತಿಗೆಯಲ್ಲಿ ಬಡಿದು ತುಸು ಚಪ್ಪಟೆಯಾಗಿ ಹರಡಿಸುತ್ತಾರೆ, ಸ್ಲೈಡನ್ನು ವೈಸಿನಲ್ಲಿ ಹಿಂಡಿ ಬಿಗಿಮಾಡುತ್ತಾರೆ. ಆಮೇಲೆ ನಯವಾದ ಪೇಸ್ಟ್ ಹಚ್ಚಿ ಒಂದರ ಮೇಲೊಂದನ್ನು ತಿಕ್ಕುತ್ತ, ಒಂದೊಂದು ಥೌ (ಇಂಚಿನ ಸಾವಿರದ ಒಂದು ಭಾಗ) ಲೆಕ್ಕದಲ್ಲಿ ಕೂರಿಸುತ್ತಾರೆ. ನಳಿಗೆಯ ಬಾಯಿಗೆ ಹೊಸ ಬುಶ್ ಕಡೆದು ಹಾಕಿ, ಪಿಸ್ತೂಲು ಪ್ರತಿಸಲ ಮುಚ್ಚಿಕೊಂಡಾಗಲೂ ನಳಿಗೆ ಅದೇ ಜಾಗಕ್ಕೆ ಬಂದು ಕೂರುವಂತೆ ಹಿಂಬದಿಯನ್ನು ಅರದಿಂದ ಸವರುತ್ತಾರೆ. ಎಚ್‌ಎಂಟಿಯಲ್ಲಿ ನಮಗೆ ಡೈ ಫಿಟ್ಟಿಂಗ್ ಕಲಿಸಿದ ಮೇಸ್ತ್ರಿಗಳು ಇದನ್ನು ನೋಡಿದ್ದರೆ ತಲೆದೂಗುತ್ತಿದ್ದರು.

ಈಗ ತೋಟಾದ ವಿಷಯ ಇದಕ್ಕೆ ಬಂದು ಸೇರುತ್ತದೆ. ಸೈನ್ಯದ 230 ಗ್ರೇನಿನ ಗುಂಡು ಒಂದೇ ಕೈಯಲ್ಲಿ ಹತ್ತು ಸೆಕೆಂಡಿಗೆ ಐದು ಹೊಡೆಯಲು ತೀರಾ ಒದೆಯುತ್ತದೆ. ಗುಂಡು ಹಗುರ ಮಾಡಿ ಮದ್ದೂ ತಗ್ಗಿಸಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಮೆತ್ತನೆಯ ಸ್ಪ್ರಿಂಗ್ ಹಾಕಬೇಕು. ಸ್ಪ್ರಿಂಗ್ ಸಾವಿರಾರು ಹೊಡೆತಕ್ಕೆ ಸೋಲುತ್ತದೆ, ಲೆಕ್ಕ ಇಟ್ಟು ಬದಲಿಸಬೇಕು. ಹೀಗೆ ತೋಟಾವೂ ಸ್ಪ್ರಿಂಗೂ ಒಂದಕ್ಕೊಂದು ಹೊಂದಿಕೊಂಡೇ ಇರಬೇಕು. ಅಂಗಡಿಯ ತೋಟಾ ನನ್ನ ಪಿಸ್ತೂಲಿನ ಸ್ಪ್ರಿಂಗ್ ನೋಡಿ ಮಾಡಿದ್ದಲ್ಲ. ಹೆಂಡತಿಗೆ ನಾನು ಕೊಡುವ ಉತ್ತರ ಇದು. ಅವಳು ಒಪ್ಪಿಲ್ಲ.

ಗುಂಡಿನ ಆಕಾರಕ್ಕೂ ಕಾರಣವಿದೆ. ದುಂಡು ಮೂತಿಯ ಗುಂಡು ಕಾಗದವನ್ನು ಹರಿದುಕೊಂಡು ಹೋಗುತ್ತದೆ, ತೂತಿನ ಅಂಚು ಗೊತ್ತಾಗುವುದಿಲ್ಲ. ಗೆರೆಗೆ ತಾಗಿದರೆ ಮೇಲಿನ ಅಂಕ ಸಿಗುವ ಆಟದಲ್ಲಿ ಅದು ನಷ್ಟ. ಮುಂದೆ ಚೂಪು ಏಣು ಇರುವ ವ್ಯಾಡ್‌ಕಟರ್ ಗುಂಡು ಕಾಗದದಲ್ಲಿ ಪಂಚ್ ಹೊಡೆದಷ್ಟು ಚೊಕ್ಕ ವೃತ್ತ ಕೊಯ್ಯುತ್ತದೆ. .45ಕ್ಕೆ ಹೆನ್ಸ್‌ಲಿ ಅಂಡ್ ಗಿಬ್ಸ್‌ನವರ 68ನೇ ನಂಬರಿನ 200 ಗ್ರೇನ್ ಅಚ್ಚು ಎಷ್ಟು ಪ್ರಸಿದ್ಧ ಎಂದರೆ ಈಗ ಯಾವ ಕಂಪನಿ ಆ ಆಕಾರದ ಗುಂಡು ಮಾಡಿದರೂ ಜನ ಅದೇ ನಂಬರು ಹೇಳಿ ಕೇಳುತ್ತಾರೆ. .38 ಸ್ಪೆಷಲ್ ಎಂಬ ತೋಟಾಕ್ಕೆ 148 ಗ್ರೇನಿನ ಗುಂಡನ್ನು ತೋಟಾದ ಬಾಯಿಗೆ ಸಮವಾಗಿ ಒಳಗೆ ಒತ್ತಿಬಿಡುತ್ತಾರೆ. ಅಂಥ ತೋಟಾ ಒಂದನ್ನು ಬಿಟ್ಟು ಬೇರೇನನ್ನೂ ನುಂಗದ ಮಾಡೆಲ್ 52 ಎಂಬ ಪಿಸ್ತೂಲನ್ನು 1961ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ತಂದಿತು.

ಸಾವಿರಗಟ್ಟಲೆ ತೋಟಾ ಬೇಕಾದದ್ದು ಸ್ಪರ್ಧೆಗೆ ಬರುವ ಪೊಲೀಸ್ ತಂಡಗಳಿಗೆ. ಡೆಟ್ರಾಯಿಟ್ ಪೊಲೀಸಿನ ಹ್ಯಾರಿ ರೀವ್ಸ್ ಆರು ಸಲ ರಾಷ್ಟ್ರೀಯ ಚಾಂಪಿಯನ್ ಆದವನು. ಅಂಥ ತಂಡಗಳಿಗೆ ಬೇಕಾದ, ಹಿಡಿ ಒಮ್ಮೆ ಎಳೆದರೆ ಒಂದು ಪೂರ್ತಿ ತೋಟಾ ಉದುರುವ ಯಂತ್ರವನ್ನು ಸ್ಯಾನ್ ಡಿಯಾಗೊದ ಸ್ಟಾರ್ ಮಶೀನ್ ವರ್ಕ್ಸ್ ಮಾಡಿತು. ಹಳೆಯ ಸ್ಟಾರ್ ಯಂತ್ರ ಇವತ್ತಿಗೂ ಕೆಲವರ ಗ್ಯಾರೇಜಿನಲ್ಲಿ ಓಡುತ್ತಿದೆ, ಆ ಕಾಲದ ಮಶೀನಿಂಗ್ ಅಂಥದು. ಯುದ್ಧದ ವರ್ಷಗಳಲ್ಲಿ ಮಾಲಿನ ಅಭಾವದಿಂದ ಹುಟ್ಟಿದ ಆರ್‌ಸಿಬಿಎಸ್, ಸ್ಪೀರ್, ಅದರ ಬೆನ್ನಿಗೆ ಬಂದ ಹಾರ್ನಡಿ ಕಂಪನಿಗಳದು ಮುಖ್ಯವಾಗಿ ರೈಫಲ್ಲಿನವರ ಕಥೆ. ಹೊಡೆದು ಉಬ್ಬಿದ ತೋಟಾವನ್ನು ಮತ್ತೆ ಅಳತೆಗೆ ಒತ್ತುವ ಡೈಗಳಿಗೆ ಟಂಗ್‌ಸ್ಟನ್ ಕಾರ್ಬೈಡಿನ ಉಂಗುರ ಬಂದದ್ದು ಮಾತ್ರ ಪಿಸ್ತೂಲಿನವರಿಗೆ ವರ. ಒಂದೊಂದು ತೋಟಾಕ್ಕೂ ಜಿಡ್ಡು ಹಚ್ಚಿ ಒರೆಸುವುದು ತಪ್ಪಿತು.

ಸೀಸ ಎಲ್ಲಿಂದ? ಟಯರ್ ಅಂಗಡಿಯಿಂದ. ಚಕ್ರದ ಸಮತೋಲಕ್ಕೆ ಹಾಕುವ ತೂಕದ ತುಂಡುಗಳಲ್ಲಿ ಆಂಟಿಮನಿ ಸೇರಿದ ಸೀಸ ಇರುತ್ತಿತ್ತು, ಬಕೆಟ್‌ಗಟ್ಟಲೆ ಸಿಗುತ್ತಿತ್ತು. ಅದಕ್ಕೆ ತುಸು ತವರ ಸೇರಿಸಿದರೆ ಅಚ್ಚು ಚೆನ್ನಾಗಿ ತುಂಬುತ್ತದೆ; ಗುಂಡಿನ ಸುತ್ತಲ ತೋಡಿಗೆ ಜೇನುಮೇಣ ಬೆರೆಸಿದ ಜಿಡ್ಡು. ಈಗ ಆ ತುಂಡುಗಳು ಸತುವಿನವೋ ಉಕ್ಕಿನವೋ ಆಗಿ, ಬೇರ್ಪಡಿಸುವುದೇ ಒಂದು ಕೆಲಸ. ಸೀಸ ಮೈಗೆ ಸೇರಿದರೆ ಒಳ್ಳೆಯದಲ್ಲ ಎಂದು ಎಲ್ಲರಿಗೂ ಗೊತ್ತಿದ್ದರೂ ಹಿಂದಿನವರು ಬೆಂಚಿನಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಈಗಿನ ಕ್ಲಬ್ಬುಗಳಲ್ಲಿ ಕೈತೊಳೆಯುವ ಸಿಂಕಿನ ಮೇಲೆ ಫಲಕ ಇದೆ: ತಣ್ಣೀರು, ಸೋಪು. ನಳಿಗೆಗೆ ಬಿಸಿನೀರು, ಕೈಗೆ ತಣ್ಣೀರು.

ನಮ್ಮ ದೇಶದ ಗುರಿಗಾರರು ಹೆಚ್ಚಾಗಿ .22 ಮತ್ತು ಗಾಳಿಯ ಪಿಸ್ತೂಲಿನವರು, ಒಲಿಂಪಿಕ್ಸಿನಲ್ಲಿ ಪಿಸ್ತೂಲಿಗೆ ಉಳಿದಿರುವುದು ಅವೆರಡೇ. ಆದರೆ ಒಲಿಂಪಿಕ್ಸಿಗೆ ಸೇರದ 25 ಮೀಟರ್ ಸೆಂಟರ್‌ಫೈರ್ ಎಂಬ ಸ್ಪರ್ಧೆ ಬೇರೆ ಕಡೆ ಇದೆ, ಅದರಲ್ಲಿ ಹೆಚ್ಚಾಗಿ .32ರ ಚಪ್ಪಟೆ ಮೂತಿಯ ತೋಟಾ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಜಸ್ಪಾಲ್ ರಾಣಾ ಅದರಲ್ಲಿ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದು ನನಗೆ ಕ್ಯಾಂಪ್ ಪೆರಿಯಲ್ಲಿ ಜಂಬ ಕೊಚ್ಚಿಕೊಳ್ಳಲು ಸಿಕ್ಕ ಒಳ್ಳೆಯ ವಿಷಯ.

ಹಿತ್ತಾಳೆ ಆರಿಸಬಹುದು, ಗುಂಡು ಎರೆಯಬಹುದು, ಡೈ ಕಡೆಯಬಹುದು. ಮನೆಯಲ್ಲಿ ಆಗದ್ದು ಪ್ರೈಮರ್. ಈಗಿನ ಪ್ರೈಮರಿನಲ್ಲಿರುವ ಸೀಸದ ಸ್ಟಿಫ್ನೇಟಿನ ಮಿಶ್ರಣ ಒಣಗಿದರೆ ಮುಟ್ಟಿದರೂ ಸಿಡಿಯುತ್ತದೆ. ಕಾರ್ಖಾನೆಯಲ್ಲಿ ಅದನ್ನು ಒದ್ದೆಯಾಗಿಯೇ ಇಟ್ಟು, ತೂತಿನ ತಟ್ಟೆಗಳಿಗೆ ಸವರಿ, ಪುಟ್ಟ ಬಟ್ಟಲುಗಳಿಗೆ ಇಳಿಸುತ್ತಾರೆ. ಅಮೆರಿಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯವು. 2020ರಲ್ಲಿ ಕೊರೊನಾ ಬಂದು, ಬೀದಿಗಲಭೆಗಳಾಗಿ, ಜನ ಹೆದರಿ ಬಂದೂಕು ಕೊಳ್ಳತೊಡಗಿದರು. ಅದೇ ಜುಲೈನಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ತೋಟಾ ಕಂಪನಿಗಳು ತಮ್ಮ ಪ್ರೈಮರನ್ನು ತಮ್ಮ ತೋಟಾಗಳಿಗೇ ಹಾಕಿಕೊಂಡವು, ಚಿಲ್ಲರೆ ಅಂಗಡಿಗೆ ಬರುವುದು ನಿಂತಿತು. ಸಾವಿರಕ್ಕೆ ಮೂವತ್ತು ನಲವತ್ತು ಡಾಲರಿಗೆ ಸಿಗುತ್ತಿದ್ದದ್ದು ಕೈಯಿಂದ ಕೈಗೆ ಮಾರುವವರಲ್ಲಿ ನೂರು ದಾಟಿತು. ಬಕೆಟ್ ತುಂಬ ತೊಳೆದು ಹೊಳಪಿಟ್ಟ ಹಿತ್ತಾಳೆ ಇಟ್ಟುಕೊಂಡು ನಮ್ಮ ಕ್ಲಬ್ಬಿನವರೆಲ್ಲ ಖಾಲಿ ಪಿಸ್ತೂಲು ಹಿಡಿದು ಗೋಡೆಗೆ ಗುರಿಯಿಡುವ ಅಭ್ಯಾಸ ಮಾಡಿದರು. ಕೆಲವರು ಒಂದು ಸುತ್ತಿಗೆ ಬೇಕಾದಷ್ಟನ್ನು ಎಣಿಸಿ ಸ್ನೇಹಿತರಿಗೆ ಕಡ ಕೊಟ್ಟರು, ವಾಪಸು ಎಣಿಸಿ ತೆಗೆದುಕೊಂಡರು. ಈಗ ಅಂಗಡಿಗೆ ಮಾಲು ಬರುತ್ತಿದೆ. ಬೆಲೆ ಮಾತ್ರ ಹಳೆಯ ಜಾಗಕ್ಕೆ ಇಳಿದಿಲ್ಲ.